ಬಿಚ್ಚಿ ಕಟ್ಟಿದ ದೋಣಿಯ ಎಂಜಿನ್ನು

ದೋಣಿಗೆ ಎಂಜಿನ್ನು ಹಾಕುವುದರಲ್ಲಿ ಎರಡು ಬಗೆ ಉಂಟು. ದೋಣಿಯ ಹೊಟ್ಟೆಯೊಳಗೆ ಅದನ್ನು ಕೂರಿಸಿ, ತಳದಲ್ಲಿ ತೂತು ಕೊರೆದು, ಅದರ ಮೂಲಕ ಉಕ್ಕಿನ ದಂಡವನ್ನು ನೀರಿಗೆ ಇಳಿಬಿಡುವುದು ಒಂದು ಬಗೆ. ದೋಣಿಯ ಮೈಗೆ ಏನೂ ಮಾಡದೆ, ಅದರ ಹಿಂಬದಿಯ ಹಲಗೆಗೆ ಎರಡು ತಿರುಪುಗಳಿಂದ ಎಂಜಿನ್ನನ್ನು ಕಚ್ಚಿಸಿ, ಕೆಲಸ ಮುಗಿದ ಮೇಲೆ ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಬರುವುದು ಇನ್ನೊಂದು ಬಗೆ. ಈ ಎರಡನೆಯದನ್ನು ಔಟ್‌ಬೋರ್ಡ್ ಎನ್ನುತ್ತಾರೆ. ನಮ್ಮ ಕರಾವಳಿಯ ನಾಡದೋಣಿಗಳ ಬೆನ್ನಿಗೆ ಕಟ್ಟಿಕೊಂಡಿರುವ, ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನುಗಳು ಇದೇ ಕುಲದವು. ಶರಾವತಿಯ ಅಳಿವೆಯ ಬದಿಯಲ್ಲಿ ಹುಟ್ಟಿ ಬೆಳೆದ ನನಗೆ ಅವುಗಳ ಸದ್ದು ಹೊಸದಲ್ಲ. ಆದರೆ ಸದ್ದು ಕೇಳುವುದು ಬೇರೆ, ಸದ್ದು ಹುಟ್ಟುವ ಬಗೆಯನ್ನು ಬಿಚ್ಚಿ ನೋಡುವುದು ಬೇರೆ. ಜೀವಮಾನವೆಲ್ಲ ಓದುಬರಹದಲ್ಲೇ ಕಳೆದ ನನಗೆ ಆ ಅವಕಾಶ ಒದಗಿದ್ದು ಅರವತ್ತು ದಾಟಿದ ಮೇಲೆ, ಅದೂ ಇಂಗ್ಲೆಂಡಿನಲ್ಲಿ.

ಈ ಯಂತ್ರದ ಪೂರ್ವೋತ್ತರವನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. 1881ರಲ್ಲಿ ಗುಸ್ತಾವ್ ತ್ರೂವೆ ಎಂಬ ಫ್ರೆಂಚ್ ಶೋಧಕ ವಿದ್ಯುತ್ತಿನಿಂದ ನಡೆಯುವ ಇಂಥದೊಂದು ಮೋಟಾರನ್ನು ಪ್ಯಾರಿಸಿನ ಸೇನ್ ನದಿಯಲ್ಲಿ ಓಡಿಸಿ ತೋರಿಸಿದ. ಪೆಟ್ರೋಲಿನ ಮೋಟಾರಿಗೆ ಅಮೆರಿಕದ ಕ್ಯಾಮರಾನ್ ವಾಟರ್‌ಮನ್ 1907ರಲ್ಲಿ ಹಕ್ಕುಪತ್ರ ಪಡೆದ. ಅದನ್ನು ಸಾಮಾನ್ಯರ ಸ್ವತ್ತಾಗಿ ಮಾಡಿದವನು ನಾರ್ವೆಯಿಂದ ವಲಸೆ ಬಂದ ಓಲೆ ಎವಿನ್‌ರೂಡ್. 1909ರ ಸುಮಾರಿಗೆ ಅವನ ಎಂಜಿನ್ನು ಮಾರುಕಟ್ಟೆಗೆ ಬಂತು. ಮದುವೆಯಾಗಲಿದ್ದ ಹುಡುಗಿ ಐಸ್‌ಕ್ರೀಮ್ ಕೇಳಿದಳೆಂದು ಸುಡುಬಿಸಿಲಿನಲ್ಲಿ ಸರೋವರದ ಆಚೆಗೆ ಹುಟ್ಟು ಹಾಕಿಕೊಂಡು ಹೋದನಂತೆ, ತರುವಷ್ಟರಲ್ಲಿ ಅದು ಕರಗಿಹೋಯಿತಂತೆ, ಆ ಬೇಸರದಲ್ಲಿ ಎಂಜಿನ್ನು ಹುಟ್ಟಿತಂತೆ. ಕತೆ ಚೆನ್ನಾಗಿದೆ, ನಂಬುವುದು ಬಿಡುವುದು ನಿಮ್ಮ ಇಷ್ಟ.

ನಾನು ಹೇಳಹೊರಟಿರುವುದು ಬ್ರಿಟಿಷ್ ಸೀಗಲ್ ಎಂಬ ಎಂಜಿನ್ನಿನ ವಿಚಾರ. ಸೀಗಲ್ ಎಂದರೆ ಕಡಲಹಕ್ಕಿ. 1931ರಲ್ಲಿ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಆರಂಭವಾದ ಇದರ ತಯಾರಿಕೆ ಮುಂದೆ ಡಾರ್ಸೆಟ್ ಪ್ರಾಂತದ ಪೂಲ್ ಎಂಬ ಬಂದರಿಗೆ ಸ್ಥಳಾಂತರಗೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಸಣ್ಣ ದೋಣಿಗಳಿಗೂ ಇದನ್ನು ಕಟ್ಟಿದರು. ಜಪಾನಿನ ನಯವಾದ ಎಂಜಿನ್ನುಗಳ ಮುಂದೆ ನಿಲ್ಲಲಾರದೆ 1996ರಲ್ಲಿ ತಯಾರಿಕೆ ನಿಂತುಹೋಯಿತು. ನೋಡಲು ಇದು ಸುಂದರವೇನಲ್ಲ. ಒಂದು ಉದ್ದನೆಯ ಕೊಳವೆ, ಅದರ ತುದಿಗೆ ರೆಕ್ಕೆ, ತಲೆಯ ಮೇಲೆ ಬೀಡುಕಬ್ಬಿಣದ ಒಂದು ಸಿಲಿಂಡರು, ಪಕ್ಕದಲ್ಲಿ ನಮ್ಮ ಹಳೆಯ ತಾಮ್ರದ ಗಿಂಡಿಯನ್ನು ನೆನಪಿಗೆ ತರುವ ಹಿತ್ತಾಳೆಯ ಪೆಟ್ರೋಲ್ ಟ್ಯಾಂಕು. ಮುಚ್ಚಳ, ಹೊದಿಕೆ ಯಾವುದೂ ಇಲ್ಲ. ಅದರ ಅಂಗಾಂಗಗಳೆಲ್ಲ ಕಣ್ಣಿಗೆ ಕಾಣುವಂತೆ ಹೊರಗೇ ಇವೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಸಿಗದು.

ಸಫೋಕ್ ಪ್ರಾಂತದ ವುಡ್‌ಬ್ರಿಜ್ ಎಂಬ ಊರಿನಲ್ಲಿ, ಡೆಬೆನ್ ನದಿಯ ಹತ್ತಿರ, ನಾನು ಕೆಲವು ವರ್ಷ ವಾಸವಾಗಿದ್ದೆ. ಸಮುದ್ರದ ಉಬ್ಬರ ಆ ನದಿಯೊಳಗೆ ಊರಿನವರೆಗೂ ಏರಿ ಬರುತ್ತದೆ. ಇಳಿತದ ಹೊತ್ತಿಗೆ ಎರಡೂ ದಡಗಳಲ್ಲಿ ಕೆಸರು ಮಿರಿಮಿರಿ ಮಿಂಚುತ್ತದೆ. ಅಳಿವೆಬಾಗಿಲಲ್ಲಿ ಉರುಟು ಕಲ್ಲಿನ ದಿಬ್ಬಗಳು ಜಾಗ ಬದಲಿಸುತ್ತಲೇ ಇರುವುದರಿಂದ ಅಲ್ಲಿಯ ಹಳಬರೂ ಎಚ್ಚರದಿಂದಲೇ ದಾಟುತ್ತಾರೆ. ನಮ್ಮ ಪಕ್ಕದ ಮನೆಯ ವೃದ್ಧರಿಗೆ ಆಗ ಎಂಬತ್ತನಾಲ್ಕು. 1960ರ ದಶಕದಲ್ಲಿ ಕೊಂಡ ಫಾರ್ಟಿ ಪ್ಲಸ್ ಮಾದರಿಯ ಸೀಗಲ್ ಒಂದು ಅವರ ಷೆಡ್ಡಿನ ಗೋಡೆಗೆ ಒರಗಿ ನಿಂತಿತ್ತು. 64 ಘನ ಸೆಂಟಿಮೀಟರಿನ, ಸುಮಾರು 3 ಅಶ್ವಶಕ್ತಿಯ ಪುಟ್ಟ ಎಂಜಿನ್ನು. ಹದಿನೈದು ವರ್ಷಗಳಿಂದ ಓಡಿರಲಿಲ್ಲ. ಅವರ ಕೈ ನಡುಗುವ ಕಾಯಿಲೆಗೆ ಸಿಕ್ಕಿ, ಸಣ್ಣ ತಿರುಪೊಂದನ್ನು ಹಿಡಿಯುವುದೂ ಆಗದಂತಾಗಿತ್ತು. ಬರುವ ಶರತ್ಕಾಲಕ್ಕೆ ಮನೆ ಮಾರಿ ಮಗಳ ಊರಿಗೆ ಹೋಗುವುದು ನಿಶ್ಚಯವಾಗಿತ್ತು. 2022ರ ಚಳಿಗಾಲದ ಒಂದು ದಿನ ಅವರು ನನಗೆ ಹೇಳಿದರು: "ಓಡಿದರೆ ಇದು ನಿಮ್ಮದು. ಓಡದಿದ್ದರೆ ಗುಜರಿಗೆ. ಕೈ ನಿಮ್ಮದಿರಲಿ, ಬಾಯಿ ನನ್ನದಿರಲಿ." ಎಂಜಿನ್ನಿನ ವಿದ್ಯೆಯೆಲ್ಲ ಅವರ ತಲೆಯಲ್ಲಿತ್ತು, ಕೆಲಸಕ್ಕೆ ಬರುವ ಎರಡು ಕೈ ನನ್ನಲ್ಲಿದ್ದವು. ಏಳೆಂಟು ತಿಂಗಳೊಳಗೆ ಇವೆರಡನ್ನೂ ಕೂಡಿಸಬೇಕಾಗಿತ್ತು.

ಮೊದಲ ವಾರ ಅವರು ನನಗೆ ಸ್ಪ್ಯಾನರು ಮುಟ್ಟಲು ಬಿಡಲಿಲ್ಲ. ನೋಡುವುದು, ಬರೆಯುವುದು, ಇಷ್ಟೇ ಕೆಲಸ. ಎಂಜಿನ್ನಿನ ಮೈಮೇಲೆ ಒತ್ತಿದ ಅಂಕಿಯನ್ನು ಹುಡುಕಿ ಗುರುತು ಹಾಕಿಕೊಂಡೆ. ಯಾವ ಮಾದರಿ, ಯಾವ ಕಾಲದ್ದು ಎಂಬುದು ಅದರಿಂದ ತಿಳಿಯುತ್ತದೆ, ಬಿಡಿಭಾಗ ತರಿಸುವಾಗ ಮೊದಲು ಕೇಳುವುದೂ ಅದನ್ನೇ. ಕಾರ್ಖಾನೆ ಮುಚ್ಚಿದ್ದರೂ ಭಾಗಗಳು ಸಿಗುತ್ತವೆ; ಅವನ್ನು ಮಾಡಿ ಮಾರುವ ಸಣ್ಣ ಅಂಗಡಿಗಳು ಇಂಗ್ಲೆಂಡಿನಲ್ಲಿವೆ. ಆಮೇಲೆ ಪ್ರತಿ ಬೋಲ್ಟು ಎಲ್ಲಿಂದ ಬಂದಿತೆಂದು ಗುರುತಿಸಲು ಒಂದು ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು, ಬೋಲ್ಟು ಇರುವಲ್ಲೆಲ್ಲ ತೂತು ಮಾಡಿದೆ. ತೆಗೆದ ಬೋಲ್ಟು ನೇರವಾಗಿ ತನ್ನ ತೂತಿಗೆ ಹೋಗುತ್ತದೆ. ಹೊಸಬನಿಗೆ ಇದಕ್ಕಿಂತ ಉಪಯುಕ್ತವಾದ ಸಾಧನ ಇನ್ನೊಂದಿಲ್ಲ.

ಬೋಲ್ಟುಗಳ ವಿಷಯ ಬಂತಲ್ಲ, ಅದನ್ನು ಸ್ವಲ್ಪ ವಿಸ್ತರಿಸುತ್ತೇನೆ. ಉಪ್ಪುನೀರಿನಲ್ಲಿ ಓಡಿದ ಎಂಜಿನ್ನಿಗೆ ಇದೇ ಮೊದಲ ಶತ್ರು. ಅಲ್ಯೂಮಿನಿಯಮ್ಮಿನ ಮೈಗೆ ಉಕ್ಕಿನ ಬೋಲ್ಟು ಕೂರಿಸಿ ಉಪ್ಪುನೀರು ತಾಗಿಸಿದರೆ, ಅಲ್ಲೊಂದು ಚಿಕ್ಕ ವಿದ್ಯುತ್ಕೋಶವೇ ನಿರ್ಮಾಣವಾಗಿ ಅಲ್ಯೂಮಿನಿಯಮ್ಮು ತಾನೇ ಸವೆದು ಬಿಳಿಯ ಪುಡಿಯಾಗುತ್ತದೆ. ಆ ಪುಡಿ ಎಳೆಗಳ ನಡುವೆ ತುಂಬಿ ಬೋಲ್ಟನ್ನು ಗಾರೆ ಹಾಕಿದಂತೆ ಹಿಡಿದುಬಿಡುತ್ತದೆ. ಬಲ ಹಾಕಿ ತಿರುಗಿಸಿದರೆ ತಲೆ ಕೈಗೆ ಬರುತ್ತದೆ, ಮುಂಡ ಒಳಗೇ ಉಳಿಯುತ್ತದೆ. ತೆಳುವಾದ ಎಣ್ಣೆಯನ್ನು ದಿನವೂ ಹನಿಸುತ್ತ ಒಂದು ವಾರ ಕಾಯಬೇಕು. ಆಮೇಲೆ ಸುತ್ತಲಿನ ಲೋಹವನ್ನು ಬಿಸಿ ಮಾಡಬೇಕು. ಅದೇ ಶಾಖಕ್ಕೆ ಅಲ್ಯೂಮಿನಿಯಮ್ಮು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ತಿರುಗಿಸುವಾಗಲೂ ಕಾಲುಸುತ್ತು ಹೊರಕ್ಕೆ, ಅರ್ಧದಷ್ಟು ಮತ್ತೆ ಒಳಕ್ಕೆ, ಪುನಃ ಹೊರಕ್ಕೆ. ಈ ಕೆಲಸ ಮಾಡುವಾಗ ಕಿಟಕಿಯಿಂದ ನದಿಯ ಆಚೆಯ ದಿಬ್ಬ ಕಾಣುತ್ತಿತ್ತು. ಅದು ಸಟನ್ ಹೂ. 1939ರಲ್ಲಿ ಅಲ್ಲಿ ಅಗೆದಾಗ ಆಂಗ್ಲೋ-ಸ್ಯಾಕ್ಸನ್ ಕಾಲದ, 27 ಮೀಟರ್ ಉದ್ದದ ಹಡಗೊಂದರ ಅಚ್ಚು ಸಿಕ್ಕಿತು. ಮರವೆಲ್ಲ ಮಣ್ಣಾಗಿತ್ತು, ಹಲಗೆಗಳನ್ನು ಹೊಲಿದಿದ್ದ ಕಬ್ಬಿಣದ ಮೊಳೆಗಳು ಮಾತ್ರ ತುಕ್ಕಿನ ಗಂಟುಗಳಾಗಿ ಸಾಲುಸಾಲಾಗಿ ಮರಳಿನಲ್ಲಿ ಉಳಿದಿದ್ದವು. ಸಾವಿರದ ಮುನ್ನೂರು ವರ್ಷ ಜಾಗ ಬಿಡದ ಮೊಳೆಗಳ ಎದುರಿಗೆ ಕುಳಿತು ಅರವತ್ತು ವರ್ಷದ ಬೋಲ್ಟಿನೊಡನೆ ಆತುರ ಮಾಡುವುದು ಚೆನ್ನಾಗಿ ಕಾಣುವುದಿಲ್ಲ.

ಯಾವುದನ್ನು ಬಿಚ್ಚಬೇಕು ಎನ್ನುವುದಕ್ಕಿಂತ ಯಾವುದನ್ನು ಬಿಚ್ಚಬಾರದು ಎನ್ನುವುದು ದೊಡ್ಡ ಪ್ರಶ್ನೆ. ಪೂರ್ತಿ ಬಿಚ್ಚಿ, ಉಜ್ಜಿ, ಬಣ್ಣ ಬಳಿದು ಹೊಸದರಂತೆ ನಿಲ್ಲಿಸುವ ಆಸೆ ಹೊಸಬರಿಗೆಲ್ಲ ಬರುವಂಥದ್ದು. ವೃದ್ಧರು ಅದಕ್ಕೆ ಒಪ್ಪುತ್ತಿರಲಿಲ್ಲ. ಸಿಲಿಂಡರಿನ ತಲೆಯ ಬೋಲ್ಟುಗಳು ಮುರಿಯುವುದಕ್ಕೆ ಹೆಸರಾದವು. ಕಾರಣವಿಲ್ಲದೆ ಅಲ್ಲಿಗೆ ಕೈ ಹಾಕಬೇಡಿ ಎಂದರು. ಕಾರಣ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ಎಂಜಿನ್ನು ಉಸಿರಾಡುವ ಕ್ರಮ ಗೊತ್ತಿರಬೇಕು.

ಇದು ಎರಡು ಹೊಡೆತದ ಎಂಜಿನ್ನು, ಟೂ-ಸ್ಟ್ರೋಕ್. ಈ ಸರಳ ರೂಪವನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬಾತ್ ಪಟ್ಟಣದ ಜೋಸೆಫ್ ಡೇ ರೂಪಿಸಿದ. ಚಲಿಸುವ ಮುಖ್ಯ ಭಾಗಗಳು ಮೂರೇ: ಪಿಸ್ಟನ್ನು, ಅದನ್ನು ಹಿಡಿದ ತೋಳು, ತೋಳು ತಿರುಗಿಸುವ ದಂಡ. ಕವಾಟಗಳಿಲ್ಲ; ಸಿಲಿಂಡರಿನ ಗೋಡೆಯಲ್ಲಿ ಕಂಡಿಗಳಿವೆ, ಪಿಸ್ಟನ್ನು ಮೇಲೆ ಕೆಳಗೆ ಆಡುತ್ತ ತಾನೇ ಅವನ್ನು ಮುಚ್ಚಿ ತೆರೆಯುತ್ತದೆ. ಪಿಸ್ಟನ್ನು ಮೇಲೇರುವಾಗ ತನ್ನ ತಲೆಯ ಮೇಲಿನ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಅದುಮುತ್ತದೆ. ಅದೇ ಹೊತ್ತಿಗೆ ಕೆಳಗಿನ ಕೋಣೆಗೆ ಹೊಸ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಮೇಲೆ ಕಿಡಿ ಹಾರಿ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ತಳ್ಳಿದಾಗ, ಮೊದಲು ಹೊಗೆಯ ಕಂಡಿ ತೆರೆಯುತ್ತದೆ, ಆಮೇಲೆ ಕೆಳಗಿನ ಕೋಣೆಯ ಹೊಸ ಮಿಶ್ರಣ ಇನ್ನೊಂದು ಕಂಡಿಯಿಂದ ಮೇಲಕ್ಕೆ ನುಗ್ಗಿ ಉಳಿದ ಹೊಗೆಯನ್ನು ಹೊರಗೆ ನೂಕುತ್ತದೆ. ಹೀಗಾಗಿ ಸಿಲಿಂಡರಿನಷ್ಟೇ ಕೆಳಗಿನ ಕೋಣೆಯೂ ಗಾಳಿ ಸೋರದಂತೆ ಇರಬೇಕು. ಪರೀಕ್ಷೆ ಸುಲಭ. ಪ್ಲಗ್ಗು ತೆಗೆದು, ಆ ತೂತಿಗೆ ಹೆಬ್ಬೆರಳು ಒತ್ತಿ, ಮೇಲಿನ ಗಾಲಿಯನ್ನು ತಿರುಗಿಸಿದೆ. ಬೆರಳನ್ನು ನೂಕಿಕೊಂಡು ಗಾಳಿ ಚುಯ್ಯೆಂದು ಹಾರಿತು. ಪಿಸ್ಟನ್ನಿನ ಉಂಗುರಗಳು ಆರೋಗ್ಯವಾಗಿವೆ. ತಲೆ ಬಿಚ್ಚುವ ಕಾರಣವಿಲ್ಲ. ಆ ಪ್ರಕರಣ ಅಲ್ಲಿಗೆ ಮುಗಿಯಿತು.

ಕಿಡಿಯ ಪ್ರಕರಣ ಅಷ್ಟು ಬೇಗ ಮುಗಿಯಲಿಲ್ಲ. ಈ ಎಂಜಿನ್ನಿಗೆ ಬ್ಯಾಟರಿಯಿಲ್ಲ. ತಲೆಯ ಮೇಲೆ ತಿರುಗುವ ಭಾರವಾದ ಗಾಲಿಯೊಳಗೆ ಅಯಸ್ಕಾಂತಗಳಿವೆ; ಅದರ ಅಡಿಯಲ್ಲಿ ಅಲುಗದೆ ಕುಳಿತ ತಂತಿಯ ಸುರುಳಿಯಿದೆ. ಅಯಸ್ಕಾಂತ ಸುರುಳಿಯನ್ನು ದಾಟಿ ಹೋದಾಗ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವ ಇದು. ಆದರೆ ಹಾಗೆ ಹುಟ್ಟಿದ ವಿದ್ಯುತ್ತು ಕಿಡಿ ಹಾರಿಸುವಷ್ಟು ಬಲವಾದುದಲ್ಲ. ಸುರುಳಿಯಲ್ಲಿ ಎರಡು ಬಗೆಯ ತಂತಿ ಸುತ್ತಿರುತ್ತದೆ: ದಪ್ಪ ತಂತಿ ಕೆಲವೇ ಸುತ್ತು, ಕೂದಲಿನಂಥ ತಂತಿ ಸಾವಿರಾರು ಸುತ್ತು. ದಪ್ಪ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿರುವಾಗ, ಸರಿಯಾದ ಕ್ಷಣದಲ್ಲಿ, ಪಾಯಿಂಟುಗಳೆಂಬ ಎರಡು ಪುಟ್ಟ ಲೋಹದ ತುಟಿಗಳು ತೆರೆದುಕೊಂಡು ಹರಿವನ್ನು ಫಕ್ಕನೆ ಕಡಿಯುತ್ತವೆ. ಆ ಕಡಿತದ ಆಘಾತಕ್ಕೆ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟಿನ ಒತ್ತಡ ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಕಡಿತ ಚುರುಕಾಗಿರಲೆಂದು, ತುಟಿಗಳ ನಡುವೆಯೇ ಕಿಡಿ ಹಾರಿ ಪೋಲಾಗದಿರಲೆಂದು, ಕಂಡೆನ್ಸರ್ ಎಂಬ ಪುಟ್ಟ ಡಬ್ಬಿಯೊಂದು ಪಕ್ಕದಲ್ಲಿ ಕಾವಲಿರುತ್ತದೆ. ಹದಿನೈದು ವರ್ಷ ಸುಮ್ಮನಿದ್ದ ಎಂಜಿನ್ನಿನಲ್ಲಿ ತುಟಿಗಳ ಮೇಲೆ ಮಂಕು ಕವಿದಿರುತ್ತದೆ. ಕಂಡೆನ್ಸರಿನ ಒಳಗಿನ ಕಾಗದ ತೇವ ಹೀರಿ ಕೆಟ್ಟಿರುತ್ತದೆ.

ಇವನ್ನು ಮುಟ್ಟಬೇಕಾದರೆ ಗಾಲಿಯನ್ನು ತೆಗೆಯಬೇಕು. ಅದು ಮೊನಚಾಗುತ್ತ ಹೋಗುವ ದಂಡದ ಮೇಲೆ ಬಿಗಿಯಾಗಿ ಕುಳಿತಿರುತ್ತದೆ. ನಡುವಿನ ನಟ್ಟನ್ನು ಪೂರ್ತಿ ತೆಗೆಯದೆ ಒಂದೆರಡು ಸುತ್ತು ಸಡಿಲಿಸಿ, ಎಂಜಿನ್ನಿನ ಭಾರ ಗಾಲಿಯಿಂದ ತೂಗುವಂತೆ ಒಬ್ಬರು ಎತ್ತಿ ಹಿಡಿದಾಗ, ಇನ್ನೊಬ್ಬರು ನಟ್ಟಿನ ಮೇಲೆ ತಾಮ್ರದ ಸುತ್ತಿಗೆಯಿಂದ ಒಂದು ಚುರುಕಾದ ಏಟು ಕೊಡಬೇಕು. ಎತ್ತುವ ಕೈ ನನ್ನದು. ಏಟು ಮಾತ್ರ ತಾನೇ ಕೊಡುತ್ತೇನೆಂದು ವೃದ್ಧರು ಹಟ ಹಿಡಿದರು. ಗಾಳಿಯಲ್ಲಿ ಎರಡು ಸಲ ನಡುಗಿದ ಸುತ್ತಿಗೆ ಬೀಳುವಾಗ ನೆಟ್ಟಗೆ ಬಿತ್ತು. ಗಾಲಿ ಟಣ್ಣೆಂದು ಕಳಚಿಕೊಂಡಿತು. ಅವರು ಸುತ್ತಿಗೆಯನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ಪಾಯಿಂಟುಗಳನ್ನು ನವಿರಾದ ಮರಳುಕಾಗದದಿಂದ ಉಜ್ಜಿ, ಬಿಳಿಯ ಕಾಗದದ ಚೂರನ್ನು ನಡುವೆ ಎಳೆದು ಧೂಳು ತೆಗೆದು, ಅವು ಪೂರ್ತಿ ತೆರೆದಾಗ ಇಂಚಿನ ಸಾವಿರದ ಇಪ್ಪತ್ತು ಭಾಗ, ಅಂದರೆ ಸುಮಾರು ಅರ್ಧ ಮಿಲಿಮೀಟರು, ಅಂತರವಿರುವಂತೆ ಹೊಂದಿಸಿದೆ. ಹೊಸ ಕಂಡೆನ್ಸರು ಹಾಕಿದ್ದಾಯಿತು. ಷೆಡ್ಡಿನ ದೀಪ ಆರಿಸಿ, ಪ್ಲಗ್ಗನ್ನು ಎಂಜಿನ್ನಿನ ಮೈಗೆ ತಾಗಿಸಿ ಹಗ್ಗ ಎಳೆದಾಗ, ಕತ್ತಲೆಯಲ್ಲಿ ನೀಲಿ ಕಿಡಿ ಚಟ್ಟೆಂದು ಸಿಡಿಯಿತು. "ಇನ್ನೊಂದು ಸಲ," ಎಂದರು. ಹಾಗೆ ಎಷ್ಟು ಸಲ ಎಳೆಸಿದರೋ!

ಕಾರ್ಬುರೇಟರಿನ ಕೆಲಸ ಶುಚಿಯ ಕೆಲಸ. ಪೆಟ್ರೋಲು ಆರಿಹೋದರೂ ಅದರ ಜಿಗುಟು ಉಳಿದು, ಸೂಜಿಯ ಮೊನೆಯಂಥ ರಂಧ್ರಗಳನ್ನು ಅರಗು ಹಾಕಿದಂತೆ ಮುಚ್ಚುತ್ತದೆ. ದ್ರಾವಣದಲ್ಲಿ ನೆನೆಸಿ ಗಾಳಿ ಊದಬೇಕೇ ಹೊರತು ತಂತಿ ತೂರಿಸಬಾರದು. ರಂಧ್ರದ ಅಳತೆಯೇ ಅದರ ಬೆಲೆ. ಇಂದಿನ ಪೆಟ್ರೋಲಿನದು ಇನ್ನೊಂದು ತೊಡಕು. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥೆನಾಲ್ ಬೆರೆಯುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನೂ ನಲ್ಲಿಯ ಬೆಂಡಿನ ಬಿರಡೆಯನ್ನೂ ಕೆಡಿಸುತ್ತದೆ. ಆದ್ದರಿಂದ ಕೊಳವೆ, ಬಿರಡೆಗಳನ್ನು ಬದಲಿಸಿದ್ದಲ್ಲದೆ, ಎಥೆನಾಲ್ ಕಡಿಮೆಯಿರುವ ದುಬಾರಿ ಪೆಟ್ರೋಲನ್ನೇ ತರುತ್ತಿದ್ದೆ.

ಪೆಟ್ರೋಲಿಗೆ ಎಣ್ಣೆ ಬೆರೆಸುವ ವಿಚಾರದಲ್ಲಿ ನಮ್ಮಿಬ್ಬರಿಗೆ ವಾದವಾಯಿತು. ಈ ಎಂಜಿನ್ನಿನ ದಂಡ ಗುಂಡುಗಳ ಮೇಲೆ ತಿರುಗುವುದಲ್ಲ, ಕಂಚಿನ ಬಳೆಗಳೊಳಗೆ ತಿರುಗುತ್ತದೆ. ಅವಕ್ಕೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೆ ಮಾತ್ರ. ಆದಕಾರಣ ಹಳೆಯ ಸೀಗಲ್‌ಗಳಿಗೆ ಹತ್ತಕ್ಕೆ ಒಂದರಂತೆ, ಅಂದರೆ ಒಂದು ಲೀಟರಿಗೆ 100 ಮಿಲಿಲೀಟರ್ ಎಣ್ಣೆ ಬೆರೆಸುವ ವಿಧಿ. ಅದರಲ್ಲಿ ಸುಡದೆ ಉಳಿದದ್ದು ಹೊಗೆಯ ಜೊತೆ ನೀರಿಗೆ ಸೇರಿ, ದೋಣಿಯ ಹಿಂದೆ ಕಾಮನಬಿಲ್ಲಿನ ಬಣ್ಣದ ಪೊರೆಯಾಗಿ ಹರಡುತ್ತದೆ. ಕೆಸರಿನಲ್ಲಿ ಹಕ್ಕಿಗಳು ಮೇಯುವ ನದಿಯಲ್ಲಿ ಇದನ್ನು ನೋಡಿ ಸುಮ್ಮನಿರಲು ನನ್ನ ಮನಸ್ಸು ಒಪ್ಪಲಿಲ್ಲ. ಮುಂದಿನ ಮಾದರಿಗಳಿಗೆ ಇಪ್ಪತ್ತೈದಕ್ಕೆ ಒಂದು ಸಾಕೆಂದು ತಯಾರಕರೇ ಹೇಳಿದರು. ಕೆಲವು ಹಳೆಯವನ್ನೂ ಕಾರ್ಬುರೇಟರಿನ ಸೂಜಿ ಬದಲಿಸಿ ಹಾಗೆ ಓಡಿಸಬಹುದು. ಆದರೆ ಸವೆದ ಬಳೆಗಳಿದ್ದರೆ ಹೆಚ್ಚಿನ ಎಣ್ಣೆಯೇ ಆ ಸೋರಿಕೆಯನ್ನು ಮುಚ್ಚುವುದೂ ಉಂಟು. ವೃದ್ಧರು ಹತ್ತಕ್ಕೊಂದನ್ನು ಬಿಡಲಿಲ್ಲ. ಅವರ ಎಂಜಿನ್ನು, ಅವರ ಮಾತು ನಡೆಯಿತು. ಇಂಥ ಎಂಜಿನ್ನನ್ನು ದಿನವೂ ಓಡಿಸುವುದು ಇಂದಿನ ಕಾಲಕ್ಕೆ ಸಲ್ಲದೆಂದೇ ನನ್ನ ಅಭಿಪ್ರಾಯ. ವರ್ಷಕ್ಕೆ ನಾಲ್ಕಾರು ಸಲ ಓಡಿಸುವುದಕ್ಕೆ ಅಡ್ಡಿಯಿಲ್ಲ.

ಕೆಳಗಿನ ಗೇರು ಪೆಟ್ಟಿಗೆಯಲ್ಲಿ ಒಂದು ವಿಚಿತ್ರವಿದೆ. ತಿರುಪು ತೆಗೆದಾಗ ಒಳಗಿನಿಂದ ಬಂದದ್ದು ಹಾಲುಚಹಾದ ಬಣ್ಣದ ದ್ರವ. ಬೇರೆ ಎಂಜಿನ್ನಿನಲ್ಲಾದರೆ ನೀರು ಸೇರಿ ಎಣ್ಣೆ ಕೆಟ್ಟಿದೆಯೆಂದು ಗಾಬರಿಯಾಗಬೇಕು. ಸೀಗಲ್ಲಿನಲ್ಲಿ ಅದು ಸಹಜ. ನೀರು ಸ್ವಲ್ಪ ನುಸುಳುತ್ತದೆಂದು ಒಪ್ಪಿಕೊಂಡೇ ಅದನ್ನು ಕಟ್ಟಿದ್ದಾರೆ. ದಪ್ಪ ಎಣ್ಣೆ ನೀರಿನೊಡನೆ ಕಲಸಿ ಬೆಣ್ಣೆಯಂತಾದರೂ ಹಲ್ಲುಗಳನ್ನು ಕಾಯುತ್ತದೆ. ಆಗಾಗ ಬದಲಿಸಿದರೆ ಸರಿ. ರೆಕ್ಕೆಯನ್ನು ದಂಡಕ್ಕೆ ಸೇರಿಸುವುದು ಗಟ್ಟಿ ಮೊಳೆಯಲ್ಲ, ಒಂದು ಉಕ್ಕಿನ ಸ್ಪ್ರಿಂಗು. ರೆಕ್ಕೆ ಕಲ್ಲಿಗೆ ಬಡಿದರೆ ಪೆಟ್ಟನ್ನು ಸ್ಪ್ರಿಂಗು ನುಂಗಿಕೊಳ್ಳುತ್ತದೆ, ಹಲ್ಲು ಮುರಿಯುವುದಿಲ್ಲ. ಗೇರಿನ ಹತ್ತಿರವೇ ಪುಟ್ಟ ಪಂಪು. ಅದು ನದಿಯ ನೀರನ್ನು ಕೊಳವೆಯಲ್ಲಿ ಏರಿಸಿ ಸಿಲಿಂಡರಿನ ಸುತ್ತ ಹರಿಸಿ ತಂಪು ಮಾಡುತ್ತದೆ. ಹೊರಬರುವ ಕಂಡಿಯಲ್ಲಿ ನೀರು ಕಾಣದಿದ್ದರೆ ಎಂಜಿನ್ನನ್ನು ತಕ್ಷಣ ನಿಲ್ಲಿಸಬೇಕು. ನಮ್ಮದರಲ್ಲಿ ಹೆಪ್ಪುಗಟ್ಟಿದ ಉಪ್ಪನ್ನು ಬಿಡಿಸುವುದಕ್ಕೇ ಎರಡು ವಾರ ಹಿಡಿಯಿತು.

ಜೂನ್ ತಿಂಗಳಲ್ಲಿ ಪೀಪಾಯಿಯೊಂದಕ್ಕೆ ನೀರು ತುಂಬಿ, ಅದರ ಅಂಚಿಗೆ ಹಲಗೆ ಕಟ್ಟಿ ಎಂಜಿನ್ನು ಸಿಕ್ಕಿಸಿದೆವು. ಟ್ಯಾಂಕಿನ ಮುಚ್ಚಳದ ಗಾಳಿತಿರುಪು ಸಡಿಲಿಸುವುದು, ನಲ್ಲಿ ತೆರೆಯುವುದು, ಪೆಟ್ರೋಲು ತೊಟ್ಟಿಕ್ಕುವವರೆಗೆ ಕಾರ್ಬುರೇಟರಿನ ಗುಂಡಿ ಒತ್ತುವುದು, ಗಾಳಿಯ ಬಾಯಿ ಮುಚ್ಚುವುದು, ಹಗ್ಗದ ಗಂಟನ್ನು ಗಾಲಿಯ ಕಚ್ಚಿಗೆ ಸಿಕ್ಕಿಸಿ ಸುತ್ತಿ ಎಳೆಯುವುದು. ಹಗ್ಗ ಬಿಡಿಸಿಕೊಂಡು ಚಾಟಿಯಂತೆ ಹಾರುವುದರಿಂದ ಬೆನ್ನ ಹಿಂದೆ ಯಾರೂ ನಿಲ್ಲಕೂಡದು. ಆರನೆಯ ಸಲ ಎಂಜಿನ್ನು ಕೆಮ್ಮಿತು. ಒಂಬತ್ತನೆಯ ಸಲ ಹಿಡಿಯಿತು. ನೀಲಿ ಹೊಗೆ ತೋಟವನ್ನೆಲ್ಲ ಮುಸುಕಿತು, ಪೀಪಾಯಿಯ ನೀರು ಅರ್ಧ ಹೊರಗೆ ಚೆಲ್ಲಿತು. ಆಚೆ ಮನೆಯವರು ಕಿಟಕಿ ಮುಚ್ಚಿಕೊಂಡರು.

ಪೀಪಾಯಿಯಲ್ಲಿ ಓಡಿದ್ದು ಲೆಕ್ಕಕ್ಕಿಲ್ಲ ಎಂದು ವೃದ್ಧರು ಮೊದಲೇ ಹೇಳಿದ್ದರು. ಜುಲೈ ಕೊನೆಯ ವಾರ, ಉಬ್ಬರ ನಿಂತು ಇಳಿತಕ್ಕೆ ತಿರುಗುವ ಹೊತ್ತು ನೋಡಿ ನದಿಗೆ ಇಳಿದೆವು. ದೋಣಿಯಲ್ಲಿ ಹುಟ್ಟುಗಳೂ ಲಂಗರೂ ಇದ್ದವು. ಅವಿಲ್ಲದೆ ಹೊಸ ಎಂಜಿನ್ನನ್ನೂ ನಂಬಬಾರದು ಎಂಬುದು ಅವರ ನಿಯಮ. ಈ ಮಾದರಿಯಲ್ಲಿ ಎಂಜಿನ್ನು ತಿರುಗಿದರೆ ರೆಕ್ಕೆಯೂ ತಿರುಗಿತೆಂದೇ ಅರ್ಥ, ಬಿಡಿಸುವ ವ್ಯವಸ್ಥೆಯಿಲ್ಲ. ಹಗ್ಗ ಎಳೆದ ಮರುಕ್ಷಣವೇ ದೋಣಿ ಮುಂದಕ್ಕೆ ಜಿಗಿಯಿತು. ಕಂಡಿಯಿಂದ ನೀರು ಸಣ್ಣಗೆ ಸುರಿಯುತ್ತಿತ್ತು. ವೃದ್ಧರು ಬಾಗಿ ಅದಕ್ಕೆ ಬೆರಳು ಒಡ್ಡಿ ಬಿಸಿ ನೋಡಿದರು.

ನಡುಹೊಳೆಗೆ ಬಂದಾಗ "ನಿಲ್ಲಿಸಿ" ಎಂದರು. ನಿಲ್ಲಿಸಿದೆ. ಸದ್ದಡಗಿತು. ಇಳಿತ ಆಗಲೇ ಶುರುವಾಗಿದ್ದರಿಂದ ದೋಣಿ ಮೆಲ್ಲಗೆ ಅಳಿವೆಯ ಕಡೆಗೆ ಸರಿಯತೊಡಗಿತು. ತಣ್ಣಗಿರುವ ಎಂಜಿನ್ನು ಚಾಲೂ ಆಗುವುದು ದೊಡ್ಡದಲ್ಲ, ಬಿಸಿಯಾಗಿ ನಿಂತದ್ದು ಮತ್ತೆ ಹಿಡಿಯಬೇಕು. ಆಗಲೇ ಅದನ್ನು ನಂಬಿ ನೀರಿಗಿಳಿಯಬಹುದು. ಬಿಸಿ ಎಂಜಿನ್ನಿಗೆ ಗುಂಡಿ ಒತ್ತಬಾರದು, ಗಾಳಿಯ ಬಾಯಿ ಮುಚ್ಚಬಾರದು; ಮುಚ್ಚಿದರೆ ಪೆಟ್ರೋಲು ಉಕ್ಕಿ ಪ್ಲಗ್ಗು ತೊಯ್ದುಹೋಗುತ್ತದೆ. ಹಗ್ಗ ಸುತ್ತಿ ಎಳೆದೆ. ಇಲ್ಲ. ದಡದ ಮರಗಳು ಹಿಂದಕ್ಕೆ ಜಾರುತ್ತಿದ್ದವು. ಅವರು ನನ್ನನ್ನಾಗಲಿ ಹುಟ್ಟುಗಳನ್ನಾಗಲಿ ನೋಡದೆ ಎಂಜಿನ್ನನ್ನೇ ನೋಡುತ್ತಿದ್ದರು. ಎರಡನೆಯ ಎಳೆತಕ್ಕೆ ಹಿಡಿಯಿತು.

ಆ ಸಂಜೆ ಸಿಹಿನೀರಿನ ಪೀಪಾಯಿಯಲ್ಲಿ ಐದು ನಿಮಿಷ ಓಡಿಸಿ ಒಳಗಿನ ಉಪ್ಪನ್ನು ತೊಳೆದು, ನಲ್ಲಿ ಮುಚ್ಚಿ, ಕಾರ್ಬುರೇಟರು ಬರಿದಾಗಿ ಎಂಜಿನ್ನು ತಾನಾಗಿ ನಿಲ್ಲುವವರೆಗೆ ಬಿಟ್ಟೆವು. ಬಟ್ಟೆಯ ಚೂರಿನಲ್ಲಿ ಸುತ್ತಿದ ಒಂದು ಹೆಚ್ಚಿನ ಸ್ಪ್ರಿಂಗನ್ನೂ ತಾವೇ ಹೊಸದಾಗಿ ಗಂಟು ಹಾಕಿದ ಎಳೆಯುವ ಹಗ್ಗವನ್ನೂ ಅವರು ನನ್ನ ಕೈಗೆ ಕೊಟ್ಟರು. ಗಂಟು ಹಾಕಲು ಅವರಿಗೆ ಮಧ್ಯಾಹ್ನವೆಲ್ಲ ಹಿಡಿದಿತ್ತೆಂದು ಆಮೇಲೆ ಅವರ ಮಗಳು ಹೇಳಿದಳು.